ಜೋಡಿ ರೋಗಕ್ಕೆ ಜೋಡಿ ಮದ್ದು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಸೀಮೆಯಲ್ಲಾಗಲಿ, ಕೃಷ್ಣರಾಜನಗರದ ಭತ್ತದ ಬಯಲಿನಲ್ಲಾಗಲಿ, ದುಡಿಯುವವನಿಗೆ ಕೆಮ್ಮು ಬಂದರೆ ಹೊಗೆಯನ್ನೋ ಬೀಡಿಯನ್ನೋ ದೂರಿ ಸುಮ್ಮನಾಗುವುದು ವಾಡಿಕೆ. ಸಂಜೆಯ ಜ್ವರ, ರಾತ್ರಿಯ ಬೆವರು ಕೂಡಿ ಮೈ ಇಳಿಯತೊಡಗಿದ ಮೇಲೆ ಕ್ಷಯದ ಶಂಕೆ ಹುಟ್ಟುವುದು. ಆ ಕ್ಷಯದ ಹಿಂದೆ ಎಚ್.ಐ.ವಿ. ಸೋಂಕೂ ಇದೆಯೆಂದು ತಿಳಿದರಂತೂ ಮನೆಯಲ್ಲಿ ಮಾತೇ ನಿಲ್ಲುವುದು. ಈ ಮೌನವು ರೋಗಕ್ಕಿಂತಲೂ ಕೇಡೆಂಬುದೇ ಈ ತಿಂಗಳು ವಾಚಕರಲ್ಲಿ ನಮ್ಮ ಅರಿಕೆ.

ಕ್ಷಯವು ಮೈಸೂರಿಗೆ ಹೊಸದಲ್ಲ. ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೇ ಅದಕ್ಕೆ ಬಲಿಯಾದರು. ಅವರ ಹೆಸರಿನ ಕ್ಷಯದ ಆಸ್ಪತ್ರೆಯು 1921ರಲ್ಲಿ ಮೈಸೂರಿನಲ್ಲಿ ತೆರೆಯಿತು. ಅಂದು ಗಾಳಿ, ಬೆಳಕು, ಪುಷ್ಟಿಕರವಾದ ಆಹಾರ, ವಿಶ್ರಾಂತಿ ಇವನ್ನು ಬಿಟ್ಟರೆ ನೆಚ್ಚಬಹುದಾದ ಮದ್ದಿರಲಿಲ್ಲ. ಇಂದು ಸಾಮಾನ್ಯ ಕ್ಷಯವು 6 ತಿಂಗಳ ಮದ್ದಿನಿಂದ ವಾಸಿಯಾಗುವುದು, ಎಚ್.ಐ.ವಿ. ಇದ್ದವರಲ್ಲಿಯೂ ವಾಸಿಯಾಗುವುದು. ಎಚ್.ಐ.ವಿ.ಯನ್ನು ಅಡಗಿಸಿಡುವ ಎ.ಆರ್.ಟಿ. ಮದ್ದನ್ನು ಸರಕಾರವು 2004ರಿಂದ ಉಚಿತವಾಗಿ ಕೊಡುತ್ತ ಬಂದಿದೆ.

ಹಾಗಿದ್ದೂ ಸಾವೇಕೆ? ಎಚ್.ಐ.ವಿ.ಯು ಶರೀರದ ಕಾವಲನ್ನು ಸಡಿಲಿಸುವುದು. ಒಳಗೆ ನಿದ್ರಿಸುತ್ತಿದ್ದ ಕ್ಷಯಾಣು ಆಗ ಎಚ್ಚರಗೊಳ್ಳುವುದು. ಇಂಥವರ ಕಫದಲ್ಲಿ ಅಣುಗಳು ಸೂಕ್ಷ್ಮದರ್ಶಕಕ್ಕೆ ಕಾಣದಿರುವುದೂ ಉಂಟು. ಆದುದರಿಂದ ಎಷ್ಟೇ ದಿನದ ಕೆಮ್ಮಾದರೂ ಉಪೇಕ್ಷಿಸಲಾಗದು, ಕ್ಷಯವಿದ್ದವರೆಲ್ಲರೂ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮೊದಲು ಕ್ಷಯದ ಮದ್ದು. ಸಾಮಾನ್ಯವಾಗಿ ಎರಡು ವಾರದೊಳಗೆ ಎ.ಆರ್.ಟಿ.; ಮಿದುಳಿನ ಪೊರೆಗೆ ಕ್ಷಯ ತಗುಲಿದ್ದರೆ ತುಸು ತಡ. ಒಂದು ಮದ್ದು ಇನ್ನೊಂದರ ಬಲವನ್ನು ತಗ್ಗಿಸಬಹುದಾದ್ದರಿಂದ ಎರಡು ಕಡೆಯ ವೈದ್ಯರಿಗೂ ಎರಡರ ವಿಷಯವನ್ನೂ ತಿಳಿಸಬೇಕು. ಎ.ಆರ್.ಟಿ. ಆರಂಭಿಸಿದ ಮೇಲೆ ಜ್ವರ ಮರುಕಳಿಸಿದರೆ, ಗಂಟುಗಳು ಊದಿದರೆ, ಮದ್ದನ್ನು ತಾವಾಗಿ ಬಿಡದೆ ವೈದ್ಯರನ್ನು ಕಾಣತಕ್ಕದ್ದು.

ಎರಡನೆಯ ತಿಂಗಳಿಗೆ ಜ್ವರ ಬಿಡುವುದು, ಅನ್ನ ರುಚಿಸುವುದು. ಅಷ್ಟರಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿಗೆ ಹಗಲಿರುಳು ಬೆಂಕಿ ಹಾಕುವ ಕಾಲ ಬಂದೀತು, ಇಲ್ಲವೆ ಕೊಡಗಿನ ತೋಟದ ಕೂಲಿ ಕರೆದೀತು. ಗುಣವಾಯಿತೆಂದು ಗುಳಿಗೆ ಬಿಟ್ಟವನಿಗೆ ರೋಗವು ಮದ್ದಿಗೆ ಬಗ್ಗದಂತೆ ಮರಳಬಹುದು. ಮನೆಯವರಿಗೆ ಅಂಜಿ ಗುಳಿಗೆಯನ್ನು ಕದ್ದು ನುಂಗುವವನು ಎಷ್ಟು ದಿನ ನುಂಗಿಯಾನು?

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ. ರೋಗಿಗೆ ಬೇರೆ ತಟ್ಟೆ, ಬೇರೆ ಲೋಟ ಬೇಡ. ಈ ಎರಡು ರೋಗಗಳೂ ಪಾತ್ರೆಯಿಂದ ಹರಡುವುವಲ್ಲ. ಕ್ಷಯವು ಗಾಳಿಯಿಂದ ಹರಡುವುದು: ಕಿಟಕಿ ತೆರೆದಿರಲಿ, ಕೆಮ್ಮುವಾಗ ಬಾಯಿಗೆ ಬಟ್ಟೆಯಿರಲಿ. ಮನೆಮಂದಿಯೆಲ್ಲರೂ, ವಿಶೇಷವಾಗಿ ಮಕ್ಕಳು, ಪರೀಕ್ಷೆಗೆ ಹೋಗಲಿ. ಆಹಾರಕ್ಕೆಂದು ಸರಕಾರವು ಕ್ಷಯರೋಗಿಗೆ ಕೊಡುವ ಹಣವು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಯಾಗಿದೆ. ಅದು ರೋಗಿಯ ಹಾಲು, ಬೇಳೆ, ಮೊಟ್ಟೆಗೇ ಸಲ್ಲಲಿ. ರೋಗಿಯ ಗುಟ್ಟನ್ನು ಊರಿಗೆ ಹೇಳಬೇಕಾದುದಿಲ್ಲ. 2017ರ ಕಾನೂನು ಅದನ್ನು ಕಾಪಾಡಿದೆ.

ಊರಿಗೆ ಗುಟ್ಟಾದುದು ಮನೆಯಲ್ಲಿ ನಾಚಿಕೆಯಾಗಬೇಕಿಲ್ಲ. ದಿನವೂ ಊಟವಾದ ಮೇಲೆ "ಗುಳಿಗೆ ತಗೊಂಡ್ಯಾ?" ಎಂದು ಕೇಳುವವರೊಬ್ಬರು ಮನೆಯಲ್ಲಿದ್ದರೆ, ಆ ಮನೆಯ ದೀಪ ಉಳಿದೀತು.