ಅತಿಥಿ ಉಪಾಧ್ಯಾಯರೂ ನಮ್ಮ ಹಳ್ಳಿಯ ಶಾಲೆಯೂ

ಪರದೇಶದ ಉಪಾಧ್ಯಾಯರಿಗೆ ನಮ್ಮ ಶಿಕ್ಷಣಪದ್ಧತಿಯನ್ನು ಪರಿಚಯಿಸುವ ಸಂದರ್ಭ ಒದಗಿದಾಗ, ಅವರನ್ನು ನಗರದ ಸುಸಜ್ಜಿತ ವಿದ್ಯಾಲಯಗಳಿಗೆ ಕರೆದೊಯ್ದು, ಹಾರ ಹಾಕಿ, ಸ್ವಾಗತಗೀತೆ ಹಾಡಿಸಿ ಬೀಳ್ಕೊಡುವಷ್ಟರಿಂದಲೇ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಲಾಗದು. ಇಂಥ ಅತಿಥಿಗಳ ಆಗಮನ ಈ ಸೀಮೆಗೆ ಹೊಸದಲ್ಲ. 1963ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಕ್ಕೆ ಆರಂಭಕಾಲದಲ್ಲಿ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ತಜ್ಞರ ನೆರವು ದೊರೆತಿತ್ತು. ಆದರೆ ಮೈಸೂರಿಗೂ ಬೆಂಗಳೂರಿಗೂ ನಡುವೆ, ರೈಲಿನ ಕಿಟಕಿಗೆ ಕಾಣುವ ಕಬ್ಬಿನ ಗದ್ದೆಗಳ ಆಚೆಗೆ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿಯೇ ನಮ್ಮ ಪದ್ಧತಿಯ ನಿಜಸ್ವರೂಪವು ಗೋಚರಿಸುವುದು.

ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ಕುಳಿತು, ತಂತಮ್ಮ ಗತಿಗನುಗುಣವಾಗಿ ಕಲಿಕೆಯ ಮೆಟ್ಟಿಲುಗಳನ್ನೇರುವ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅಂಕುರಿಸಿದ ನಲಿ-ಕಲಿ ಕ್ರಮವನ್ನೂ, 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ ಅನಂತರ ನಾಡಿಗೆಲ್ಲ ವ್ಯಾಪಿಸಿದ ಅಕ್ಷರ ದಾಸೋಹದ ಮಧ್ಯಾಹ್ನದ ಪಂಕ್ತಿಯನ್ನೂ, ತಂದೆತಾಯಿಗಳೇ ಸದಸ್ಯರಾಗಿ ಶಾಲೆಯ ಯೋಗಕ್ಷೇಮವನ್ನು ವಿಚಾರಿಸುವ ಶಾಲಾಭಿವೃದ್ಧಿ ಸಮಿತಿಯ ಸಭೆಯನ್ನೂ ಅತಿಥಿಗಳು ಕಣ್ಣಾರೆ ಕಾಣಬೇಕು. ಹಲವು ತರಗತಿಗಳ ಭಾರವನ್ನು ಒಬ್ಬರೇ ಹೊರುವ ಉಪಾಧ್ಯಾಯರ ದುಡಿಮೆಯನ್ನೂ, ಆಂಗ್ಲ ಮಾಧ್ಯಮವನ್ನರಸಿ ಊರಿನ ಶಾಲೆಯನ್ನು ತೊರೆಯುವ ಮಕ್ಕಳ ಸಂಗತಿಯನ್ನೂ ಮರೆಮಾಚುವುದು ಅತಿಥಿಸತ್ಕಾರವೆನಿಸದು. ಅಂಥ ಕಷ್ಟಗಳು ಅವರ ನಾಡಿಗೂ ಅಪರಿಚಿತವಲ್ಲ.

ಬಂದವರನ್ನು ವೇದಿಕೆಯ ಮೇಲೆ ಕೂರಿಸುವುದಕ್ಕಿಂತ, ಒಂದು ವಾರ ನಮ್ಮ ಮೇಷ್ಟ್ರುಗಳ ಜೊತೆಯಲ್ಲಿ ಕರಿಹಲಗೆಯ ಮುಂದೆ ನಿಲ್ಲಿಸುವುದೇ ಉಚಿತವಾದ ಗೌರವ. ವಿದ್ಯಾ ಇಲಾಖೆಯ ಅಧಿಕಾರಿಗಳು ಇದಕ್ಕೆ ಮನಸ್ಸು ಮಾಡಲಿ.