ಇ-ಮೇಲ್‌ಗೂ ಒಂದು ಅದಬ್ ಉಂಟು

ವ್ಯಾಪಾರ ನಮಗೆ ಹೊಸತಲ್ಲ. ತುಳುವಿನಲ್ಲಿ ‘ಬ್ಯಾರ’ ಎಂದರೆ ವ್ಯಾಪಾರ; ಬ್ಯಾರಿ ಎಂಬ ಹೆಸರು ಅದರಿಂದಲೇ ಬಂತು ಎನ್ನುವವರಿದ್ದಾರೆ. ಮೀನು, ಅಡಿಕೆ, ಮರ, ದಿನಸಿ ಯಾವುದೇ ಇರಲಿ, ಮಂಗಳೂರಿನ ಬಂದರಿನಲ್ಲಿ ನಮ್ಮ ಹಿರಿಯರು ಬಾಯಿಮಾತಿನಲ್ಲೇ ದೊಡ್ಡ ದೊಡ್ಡ ವ್ಯವಹಾರ ಮಾಡಿದರು. ಮಾತು ಕೊಟ್ಟರೆ ಮುಗಿಯಿತು. ಈಗ ದುಬೈ, ಜುಬೈಲ್, ಬೆಂಗಳೂರಿನ ಕಂಪೆನಿಗಳು ಫೋನಿನಲ್ಲಿ ಎಷ್ಟೇ ಮಾತಾಡಿದರೂ ಕೊನೆಗೆ ‘ಒಂದು ಮೇಲ್ ಹಾಕಿ’ ಎನ್ನುತ್ತವೆ. ಅಲ್ಲಿ ನಮ್ಮ ಮುಖ ಕಾಣುವುದಿಲ್ಲ, ತಂದೆಯ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಲಿಕ್ಕೂ ಆಗುವುದಿಲ್ಲ. ಕಾಣುವುದು ನಾವು ಬರೆದ ನಾಲ್ಕು ಸಾಲು ಮಾತ್ರ.

ಇದರಲ್ಲಿ ನಮ್ಮ ಹುಡುಗರು, ಸಣ್ಣ ವ್ಯಾಪಾರಿಗಳು ಹಿಂದೆ ಬೀಳುವುದು ಇಂಗ್ಲಿಷ್ ಬಾರದ್ದರಿಂದ ಎನ್ನುವ ಮಾತು ಉಂಟು. ನಾವು ಅದನ್ನು ಪೂರ್ತಿ ಒಪ್ಪುವುದಿಲ್ಲ. ಚೆಂದದ ಇಂಗ್ಲಿಷ್ ಬಲ್ಲ ಪದವೀಧರರೂ ಮೇಲ್ ಬರೆಯುವಾಗ ಎಡವುತ್ತಾರೆ. ಎಸೆಸೆಲ್ಸಿ ಮಾತ್ರ ಓದಿದ ಅಂಗಡಿಯವರು ಆರು ಸಣ್ಣ ವಾಕ್ಯದಲ್ಲಿ ಕೆಲಸ ಮುಗಿಸುವುದೂ ಉಂಟು. ಓದುವವರ ಸಮಯಕ್ಕೆ ಮರ್ಯಾದೆ, ಬರೆದ ಮಾತಿಗೆ ಹೊಣೆ, ಇವೆರಡು ಇದ್ದರೆ ಸಾಕು. ಊರಿನ ಕಚೇರಿಗೋ ಬ್ಯಾಂಕಿಗೋ ಆದರೆ ಕನ್ನಡದಲ್ಲೇ ಬರೆಯಬಹುದು, ನಾಚಿಕೆ ಬೇಡ.

ಮೊದಲು ವಿಳಾಸ. ಶಾಲೆಯಲ್ಲಿದ್ದಾಗ ತಮಾಷೆಗೆ ಮಾಡಿದ ‘ಕೂಲ್ ಬಾಯ್’, ‘ಕಿಂಗ್’ ಎಂಬ ವಿಳಾಸದಿಂದ ಉದ್ಯೋಗದ ಅರ್ಜಿ ಕಳಿಸಬಾರದು. ಹೆಸರಿನದ್ದೊಂದು ವಿಳಾಸ ಮಾಡಲು ಐದು ನಿಮಿಷ ಸಾಕು, ಹಣವೂ ಬೇಡ. ಆಮೇಲೆ ವಿಷಯದ ಸಾಲು. ಅದನ್ನು ಖಾಲಿ ಬಿಡುವುದು, ‘ಹಾಯ್’ ಎಂದೋ ‘ಅರ್ಜೆಂಟ್’ ಎಂದೋ ಬರೆಯುವುದು ಅಂಗಡಿಗೆ ಬೋರ್ಡ್ ಹಾಕದ ಹಾಗೆ. ‘200 ಚೀಲ ಅಡಿಕೆಗೆ ದರ ಕೇಳಿ’, ‘ಅಕೌಂಟೆಂಟ್ ಹುದ್ದೆಗೆ ಅರ್ಜಿ’ ಎಂದು ಬರೆದರೆ ತೆರೆಯುವ ಮೊದಲೇ ಸಂಗತಿ ಗೊತ್ತಾಗುತ್ತದೆ. ಒಳಗೆ ಮೊದಲ ಎರಡು ಸಾಲಿನಲ್ಲಿ ನಾವು ಯಾರು, ಏನು ಬೇಕು ಎಂದು ಹೇಳಿಬಿಡಬೇಕು. ಕೊನೆಗೆ ಪೂರ್ತಿ ಹೆಸರು, ಊರು, ಫೋನ್ ನಂಬರ್.

ಫೈಲ್ ಲಗತ್ತಿಸುವುದರಲ್ಲೂ ಕ್ರಮ ಉಂಟು. ‘ಸ್ಕ್ಯಾನ್ 1’ ಎಂಬ ಹೆಸರಿನ ಬಯೋಡೇಟಾ ನೂರು ಅರ್ಜಿಗಳ ನಡುವೆ ಕಳೆದುಹೋಗುತ್ತದೆ. ಫೈಲ್‌ಗೆ ನಮ್ಮ ಹೆಸರನ್ನೇ ಇಟ್ಟು ಪಿಡಿಎಫ್ ಮಾಡಿ ಕಳಿಸಬೇಕು. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಫೈಲ್ ನೇರವಾಗಿ ಹೋಗುವುದಿಲ್ಲ. ಪಾಸ್‌ಪೋರ್ಟ್, ಆಧಾರ್ ಪ್ರತಿಯನ್ನು ಕೇಳದವರಿಗೆ, ಗುರುತಿಲ್ಲದ ಏಜೆಂಟರಿಗೆ ಕಳಿಸಲೇಬಾರದು.

‘ಟು’, ‘ಸಿಸಿ’, ‘ಬಿಸಿಸಿ’ ಎಂಬ ಮೂರು ಸಾಲಿನ ಅರ್ಥವೂ ಗೊತ್ತಿರಬೇಕು. ಕೆಲಸ ಮಾಡಬೇಕಾದವರು ಟು ಸಾಲಿನಲ್ಲಿ, ತಿಳಿದಿರಬೇಕಾದವರು ಸಿಸಿಯಲ್ಲಿ. ಬಿಸಿಸಿಯಲ್ಲಿರುವವರ ವಿಳಾಸ ಉಳಿದವರಿಗೆ ಕಾಣುವುದಿಲ್ಲ. ಹತ್ತು ವ್ಯಾಪಾರಿಗಳಿಂದ ದರ ಕೇಳುವಾಗ ಹತ್ತೂ ವಿಳಾಸವನ್ನು ಟು ಸಾಲಿಗೆ ತುಂಬಿದರೆ, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಹಾಗೆ. ‘ರಿಪ್ಲೈ ಆಲ್’ ಒತ್ತುವ ಮೊದಲೂ ಯಾರ್‍ಯಾರಿಗೆ ಹೋಗುತ್ತದೆ ಎಂದು ನೋಡಬೇಕು.

ಗಲ್ಫಿಗೆ ಬರೆಯುವವರು ಅಲ್ಲಿಯ ದಿನ, ಹೊತ್ತು ನೋಡಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಬೆಳಿಗ್ಗೆ ಹತ್ತು ಗಂಟೆ ಆಗುವಾಗ ದುಬೈಯಲ್ಲಿ ಎಂಟೂವರೆ, ಸೌದಿಯಲ್ಲಿ ಏಳೂವರೆ. ಸೌದಿಯಲ್ಲಿ ವಾರದ ರಜೆ ಶುಕ್ರವಾರ-ಶನಿವಾರ. ಯುಎಇಯ ಸರಕಾರಿ ಕಚೇರಿಗಳಿಗೆ 2022ರಿಂದ ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ-ಭಾನುವಾರ ರಜೆ. ಗುರುವಾರ ಸಂಜೆ ಮೇಲ್ ಹಾಕಿ ಶುಕ್ರವಾರ ‘ಉತ್ತರ ಇಲ್ಲ’ ಎಂದು ಸಿಟ್ಟು ಮಾಡುವುದರಲ್ಲಿ ಅರ್ಥ ಇಲ್ಲ. ಎರಡು ಮೂರು ಕೆಲಸದ ದಿನ ಕಾದು, ಅದೇ ಮೇಲ್‌ನ ಕೆಳಗೆ ಮರ್ಯಾದೆಯಿಂದ ಒಮ್ಮೆ ನೆನಪಿಸಿದರೆ ಸಾಕು. ನಮಗೆ ಬಂದ ಮೇಲ್‌ಗೂ ಹಾಗೇ. ಪೂರ್ತಿ ಉತ್ತರ ಕೊಡಲು ಆಗದಿದ್ದರೆ ‘ತಲುಪಿದೆ, ಸೋಮವಾರ ತಿಳಿಸುತ್ತೇವೆ’ ಎಂಬ ಒಂದು ಸಾಲನ್ನಾದರೂ ಕಳಿಸಬೇಕು.

ಸಿಟ್ಟಿನಲ್ಲಿ ಬರೆದ ಮೇಲನ್ನು ಆ ರಾತ್ರಿ ಕಳಿಸಬಾರದು. ಬಾಯಿಮಾತು ಗಾಳಿಗೆ ಹೋದೀತು. ಮೇಲ್ ಹತ್ತು ವರ್ಷದ ಮೇಲೂ ಹಾಗೇ ಸಿಗುತ್ತದೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂದಕ್ಕೆ ಪಡೆಯಲು ಸಿಗುವುದು ಹೆಚ್ಚೆಂದರೆ 30 ಸೆಕೆಂಡು. ಇನ್ನು ಸಲಾಮ್. ಜಿದ್ದಾದ ಗಿರಾಕಿಗೆ ಸಲಾಮಿನಿಂದ ಶುರು ಮಾಡಿದರೆ ಚೆಂದವೇ. ಎಲ್ಲ ಧರ್ಮದವರಿರುವ ಕಚೇರಿಗೆ ಬರೆಯುವಾಗ ‘ಮಾನ್ಯರೇ’ ಎಂದರೆ ಎಲ್ಲರಿಗೂ ಸಂದ ಹಾಗಾಯಿತು.

ಒಂದು ಮಾತನ್ನು ಬಿಚ್ಚಿ ಹೇಳಲೇಬೇಕು. ‘ಸರಕು ಯಾವಾಗ ಬರುತ್ತದೆ?’ ಎಂದು ಕೇಳಿದರೆ ಬರೀ ‘ಇನ್ಶಾ ಅಲ್ಲಾಹ್, ಬೇಗ’ ಎಂದು ಬರೆಯುವ ಅಭ್ಯಾಸ ನಮ್ಮ ಕೆಲವರಲ್ಲಿ ಉಂಟು. ಇನ್ಶಾ ಅಲ್ಲಾಹ್ ಎಂದು ಬರೆಯೋಣ, ಜೊತೆಗೆ ತಾರೀಕನ್ನೂ ಬರೆಯೋಣ. ಆಗುವುದಿಲ್ಲ ಎಂದು ಹೇಳಲು ಮುಜುಗರವಾದಾಗ ಆ ಪವಿತ್ರ ಮಾತನ್ನು ಅಡ್ಡ ಹಿಡಿಯುವುದು ಸರಿಯಲ್ಲ. ತಾರೀಕು ಬರೆಯುವಾಗ 05/06 ಎಂದರೆ ಒಬ್ಬರಿಗೆ ಜೂನ್ 5, ಇನ್ನೊಬ್ಬರಿಗೆ ಮೇ 6. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದರೆ ತಕರಾರು ಇರುವುದಿಲ್ಲ.

ಕೊಡು-ಕೊಳ್ಳುವುದನ್ನು ಬರೆದಿಡಬೇಕು ಎನ್ನುವುದು ನಮಗೆ ಹೊಸ ಪಾಠವಲ್ಲ. ಕುರ್‌ಆನಿನ ಅತ್ಯಂತ ಉದ್ದದ ಆಯತ್, ಸೂರಃ ಬಖರದ 282ನೆಯದ್ದು, ವಾಯಿದೆಯ ಸಾಲವನ್ನು ಬರೆದಿಡುವುದರ ಬಗ್ಗೆಯೇ ಉಂಟು. ದೇಶದ ಕಾನೂನೂ ಬರಹದ ಕಡೆಗೇ ಉಂಟು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಮೇಲ್‌ನಲ್ಲಿ ಆದ ಒಪ್ಪಂದ ಎಂಬ ಒಂದೇ ಕಾರಣಕ್ಕೆ ಅದು ನಡೆಯುವುದಿಲ್ಲ ಎನ್ನುವ ಹಾಗಿಲ್ಲ. ಹಾಗಾಗಿ ಫೋನಿನಲ್ಲಿ ದರ, ತೂಕ, ದಿನ ಮಾತಾಡಿದ ಮೇಲೆ ‘ನಾವು ಮಾತಾಡಿದ್ದು ಇದು’ ಎಂದು ಮೂರು ಸಾಲಿನ ಮೇಲ್ ಹಾಕಿಡಬೇಕು. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜಿನಲ್ಲಿ ದರ ಹುಡುಕುವ ಕಷ್ಟ ತಪ್ಪುತ್ತದೆ, ನಾಳೆ ಪಾಲುದಾರರ ನಡುವೆ ಮನಸ್ತಾಪವೂ ಆಗುವುದಿಲ್ಲ.

ಕೊನೆಯದಾಗಿ, ಕಳ್ಳರ ಸಂಗತಿ. ಮಾಲು ಕೊಡುವವರ ಹೆಸರಿನಲ್ಲೇ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇದಕ್ಕೆ ಹಾಕಿ’ ಎಂದು ಮೇಲ್ ಬರುತ್ತದೆ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಹೆಚ್ಚು ಕಡಿಮೆ ಇರುತ್ತದೆ. ಕೆಲವೊಮ್ಮೆ ನಿಜವಾದ ವಿಳಾಸವೇ ಕಳ್ಳರ ಕೈಯಲ್ಲಿರುತ್ತದೆ. ಅಂಥ ಮೇಲ್ ಬಂದರೆ ಅದರಲ್ಲಿರುವ ನಂಬರಿಗೆ ಕರೆ ಮಾಡದೆ, ನಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೇ ಮಾಡಿ ಕೇಳಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಇಷ್ಟನ್ನು ಕಲಿಸಲಿಕ್ಕೆ ದೊಡ್ಡ ಕೋರ್ಸ್ ಬೇಡ. ಊರೂರಿನ ಯುವಕರ ಸಂಘಗಳು ಒಂದು ಭಾನುವಾರ ಎರಡು ಗಂಟೆ ಕೂರಿಸಿ, ಪ್ರತಿಯೊಬ್ಬರಿಂದ ಒಂದು ಅರ್ಜಿಯ ಮೇಲ್, ಒಂದು ದರ ಕೇಳುವ ಮೇಲ್ ಬರೆಸಿದರೆ ಸಾಕು. ಅಂಗಡಿಯ ಲೆಕ್ಕ ನೋಡುವ, ಮನೆಯಿಂದಲೇ ಬಟ್ಟೆ, ತಿಂಡಿ ಮಾರುವ ನಮ್ಮ ಹೆಣ್ಮಕ್ಕಳನ್ನೂ ಅದಕ್ಕೆ ಕರೆಯಬೇಕು. ಬಾಯಿಮಾತಿನಲ್ಲಿ ಹಿರಿಯರು ಉಳಿಸಿಕೊಂಡ ನಂಬಿಕೆಯನ್ನು ನಮ್ಮ ಮಕ್ಕಳು ಬರಹದಲ್ಲಿ ಉಳಿಸಿಕೊಳ್ಳಬೇಕಾಗಿದೆ.