ಮುಟ್ಟಿದವನಿಗೆ ಶಾಪ

ಶಾಸನಗಳ ಕೊನೆಯಲ್ಲಿ ಶಾಪಾಶಯವೆಂಬುದೊಂದು ಇರುವುದನ್ನು ವಾಚಕರು ಬಲ್ಲರು. ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂದು ನಮ್ಮ ಹಾಸನ ಸೀಮೆಯ ಕಲ್ಲುಗಳೂ ಹೆದರಿಸುತ್ತವೆ. ಈ ಸಂಪ್ರದಾಯವು ಅರಸರೊಡನೆಯೇ ಮುಗಿಯಿತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ತಪ್ಪು. ಅದು ಗಣಕಯಂತ್ರದೊಳಗೆ ಸುಖವಾಗಿದೆ.

ನಮ್ಮ ಕಾಲೇಜಿನಲ್ಲಿ ಆಂತರಿಕ ಅಂಕಗಳನ್ನು ಕೂಡುವುದಕ್ಕೆ ಒಂದು ಪ್ರೋಗ್ರಾಂ ಉಂಟು. ಅದನ್ನು ಬರೆದ ಮಹನೀಯರು ವರ್ಗವಾಗಿ ಹೋಗಿ ಬಹುಕಾಲವಾಯಿತು. ಕಳೆದ ವರ್ಷ ಅರಕಲಗೂಡು ಕಡೆಯ ಹುಡುಗಿಯೊಬ್ಬಳಿಗೆ ಕನ್ನಡದಲ್ಲಿ ಸೊನ್ನೆ ಬಂತು. ನಾನು ಕೊಟ್ಟದ್ದು 20ಕ್ಕೆ 18! ಆಕೆಯ ತಂದೆ ಬೆಳಗಿನ ಬಸ್ಸಿಗೆ ಬಂದು, ಟವೆಲನ್ನು ಹಿಂಡುತ್ತ ನಿಂತು, "ಮಗು ಊಟ ಬಿಟ್ಟೈತೆ ಸ್ವಾಮಿ. ಸ್ಕಾಲರ್‌ಶಿಪ್ಪೂ ಹೋಗ್ತದಂತೆ" ಎಂದರು. "ಕಂಪ್ಯೂಟರು ತಪ್ಪು ಮಾಡುತ್ತದೆಯೇ?" ಎಂದರು ಗುಮಾಸ್ತರು.

ಆ ಶನಿವಾರ ಚನ್ನರಾಯಪಟ್ಟಣದ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಪ್ರಾಂಶುಪಾಲರ ಅಪ್ಪಣೆ ಬೇಡಿ ಅವನನ್ನು ಕಚೇರಿಗೆ ಕರೆದೊಯ್ದೆ. ಪ್ರೋಗ್ರಾಂ ತೆರೆದವನೇ ನಗತೊಡಗಿದ.

"ಮಾವ, ಇಲ್ಲಿ ನೋಡಿ. ಎಣಿಕೆಗೆ ಒಂದನ್ನು ಕೂಡಿಸೆಂಬ ಆಜ್ಞೆ. ಪಕ್ಕದಲ್ಲಿ ಟಿಪ್ಪಣಿ: 'ಇಲ್ಲಿ ಎಣಿಕೆಗೆ ಒಂದನ್ನು ಕೂಡಿಸಿದೆ.'"

"ನಮ್ಮ ಗೈಡುಗಳೂ ಹಾಗೆಯೇ ಕಣೋ. 'ಆನೆ: ಒಂದು ಪ್ರಾಣಿ' ಎಂದಿರುತ್ತದೆ, ತೊಡಕಿನ ಪದದ ಮುಂದೆ ಮೌನ."

"ದೊಡ್ಡವರೂ ಹೊರತಲ್ಲ, ಮಾವ. 1969ರಲ್ಲಿ ಚಂದ್ರನ ಮೇಲಿಳಿದ ಅಪೊಲೊ 11ರ ನೌಕೆಯ ಪ್ರೋಗ್ರಾಂನಲ್ಲಿಯೂ, 'ಇದು ತಾತ್ಕಾಲಿಕ' ಎಂದು ಬರೆದು, ಹಾಗೆಂದು ಆಶಿಸುವುದಾಗಿ ಮೂರು ಸಲ ಒತ್ತಿ ಹೇಳಿದ ಟಿಪ್ಪಣಿಯಿದೆ."

ತಾತ್ಕಾಲಿಕವು ಚಂದ್ರನವರೆಗೂ ಹೋಯಿತೆಂದಾಯಿತು!

ಅಷ್ಟರಲ್ಲಿ ಅವನ ನಗು ನಿಂತಿತು. ಒಂದು ಸಾಲಿನಲ್ಲಿ 60 ಎಂಬ ಅಂಕಿ, ಅದರ ಮೇಲೆ, "ಏಕೆಂದು ತಿಳಿಯದು. ಮುಟ್ಟಿದವನು ಕೆಟ್ಟ!" ಪ್ರೋಗ್ರಾಂ ಬರೆದಂದು ತರಗತಿಯಲ್ಲಿ ಇದ್ದವರು 60 ಮಂದಿ, ಈಗ 61. ತಡವಾಗಿ ಸೇರಿದ್ದರಿಂದ ಆ ಹುಡುಗಿಯ ಹೆಸರು ಪಟ್ಟಿಯ ಕೊನೆಗಿತ್ತು. ಯಂತ್ರವು ಅವಳ ಬಾಗಿಲಿಗೆ ಬರುವ ಮುನ್ನವೇ ಎಣಿಕೆ ನಿಲ್ಲಿಸಿತ್ತು.

"ಅಳಿಸೋ ಅದನ್ನು."

"ಶಾಪ, ಮಾವ?"

"ಕವಿಲೆಯ ಪಾಪ ನನಗಿರಲಿ."

ಪಟ್ಟಿಯಲ್ಲಿ ಎಷ್ಟು ಹೆಸರಿವೆಯೋ ಅಷ್ಟನ್ನೂ ಎಣಿಸುವಂತೆ ಅವನು ತಿದ್ದಿದ. ಹಾಗೇಕೆ ತಿದ್ದಿದೆನೆಂಬುದನ್ನು ಎರಡು ಸಾಲಿನಲ್ಲಿ ಬರೆದಿಟ್ಟ. ಏನು ಮಾಡಿದೆನೆಂಬುದು ನೋಡಿದರೆ ತಿಳಿದೀತು. ಏಕೆ ಎಂಬುದನ್ನು ಮುಂದೆ ಬರುವವನಿಗೆ ಹೇಳುವವರು ಯಾರು?

ಒಡನೆಯೇ ತಂದೆಗೆ ಫೋನ್ ಮಾಡಿ 18 ಎಂದೆ. ಆಚೆಯಿಂದ ಕ್ಷಣಕಾಲ ಮಾತಿಲ್ಲ. ಬಳಿಕ, ನನಗಲ್ಲದ ದನಿಯೊಂದು ಕೇಳಿಸಿತು:

"ಮಗಾ, ಎದ್ದು ಉಣ್ಣವ್ವ."